‘ಬಂದ್ಯೇನೋ ಬೇವಾರ್ಸಿ’: ತಾತನ ಮಾತನ್ನು ಕಥೆಗೆ ತರುವುದು ಹೇಗೆ?

ಪ್ರಶ್ನೆ: ನಮ್ಮ ತಾತನಿಗೆ 86 ವರ್ಷ. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯವರು. ಮಾತಿಗೊಂದು ಸಲ ‘ಬೆಪ್ಪುತಕ್ಕಡಿ’, ‘ಉಂಡಾಡಿ ಗುಂಡ’, ‘ಅಬ್ಬೇಪಾರಿ’, ‘ಖದೀಮ’, ‘ಚಳ್ಳೆಹಣ್ಣು ತಿನ್ನಿಸಿಬಿಟ್ಟ’ ಅನ್ನುತ್ತಿರುತ್ತಾರೆ. ನಾನು ಹಾಸನದಲ್ಲಿ ಕೆಲಸ ಮಾಡುತ್ತೇನೆ, ಬಿಡುವಾದಾಗ ಕಥೆ ಬರೆಯುತ್ತೇನೆ. ತಾತನನ್ನು ಇಟ್ಟುಕೊಂಡು ಬರೆದ ಕಥೆಯಲ್ಲಿ ಈ ಮಾತುಗಳನ್ನೆಲ್ಲ ಹಾಕಿದೆ. ಓದಿದ ಗೆಳತಿ ‘ಹಳೇ ಸಿನಿಮಾ ಕಾಮಿಡಿ ಥರ ಇದೆ’ ಅಂದಳು. ಇವು ಬೈಗುಳವಾ, ಮುದ್ದಾ? ಎಲ್ಲಿಂದ ಬಂದವು? ನಮ್ಮ ಲೇಖಕರು ಇಂಥ ಮಾತನ್ನು ಹೇಗೆ ಬಳಸಿದ್ದಾರೆ? ನಾನು ಬಳಸಬಹುದಾ? ಕಥೆಯ ಎರಡು ಸಾಲು ಜೊತೆಗಿಟ್ಟಿದ್ದೇನೆ.

ಉತ್ತರ: ಬಳಸಬಹುದು. ಖಂಡಿತ ಬಳಸಿ. ಆದರೆ ನಿಮ್ಮ ಗೆಳತಿ ಹೇಳಿದ್ದರಲ್ಲೂ ಹುರುಳಿದೆ. ಅದು ಯಾಕೆ ಅಂತ ಹೇಳುವ ಮೊದಲು ನಮ್ಮ ಅಜ್ಜಿಯ ಒಂದು ಸಂಗತಿ ಹೇಳುತ್ತೇನೆ. ಇಂಥ ಮಾತುಗಳ ಬಗ್ಗೆ ನಾನು ಕಲಿತ ಮೊದಲ ಪಾಠ ಅದು.

ಬೇಲೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಪಕ್ಕದ ಮನೆಯ ಹುಡುಗನೊಬ್ಬ ದಿನಾ ಮಧ್ಯಾಹ್ನ ಮುದ್ದೆ ಕಟ್ಟುವ ಹೊತ್ತಿಗೆ ಸರಿಯಾಗಿ ಹಿತ್ತಲ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. ಅಜ್ಜಿ ತಲೆ ಎತ್ತುತ್ತಿರಲಿಲ್ಲ. ಮುದ್ದೆಕೋಲು ತಿರುವುತ್ತಲೇ ‘ಬಂದ್ಯೇನೋ ಬೇವಾರ್ಸಿ, ಕೂತ್ಕ, ಉಂಡ್ಕಂಡ್ ಹೋಗು’ ಅನ್ನುತ್ತಿದ್ದರು. ಅವನು ಹಲ್ಲು ಬಿಟ್ಟು ಒಳಗೆ ಬಂದು ಕೂರುತ್ತಿದ್ದ. ಇದು ವರ್ಷಗಟ್ಟಲೆ ನಡೆಯಿತು. ಆಮೇಲೆ ಒಂದು ಆಷಾಢದಲ್ಲಿ ಅವನ ಅಪ್ಪ ತೀರಿಕೊಂಡರು. ತಿಥಿ ಎಲ್ಲ ಮುಗಿದ ಮೇಲೆ ಹುಡುಗ ಮತ್ತೆ ಅದೇ ಹೊತ್ತಿಗೆ ಬಂದ. ಅಜ್ಜಿ ಕೋಲು ನಿಲ್ಲಿಸಿದರು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡರು. ‘ಬಾ ಮಗ, ಕೂತ್ಕ’ ಅಂದರು. ಹುಡುಗ ಒಳಗೆ ಬರಲಿಲ್ಲ. ಬಾಗಿಲು ಹಿಡಿದುಕೊಂಡು ‘ಯಾಕಜ್ಜಿ, ನನ್ ಮ್ಯಾಲೆ ಕೋಪವಾ?’ ಅಂತ ಕೇಳಿದ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಬೈಗುಳವಾ ಮುದ್ದಾ ಅನ್ನುವುದು ಪದದ ಒಳಗಿಲ್ಲ. ಯಾರು, ಯಾರಿಗೆ, ಯಾವಾಗ ಅಂದರು ಅನ್ನುವುದರಲ್ಲಿದೆ. ಅದಕ್ಕೆ ಒಂದು ಕಟ್ಟಳೆಯೂ ಇದೆ. ಇಂಥ ಮಾತು ಸುಳ್ಳಾಗಿರುವವರೆಗೆ ಮಾತ್ರ ಆಟ. ಅಪ್ಪ ಅಮ್ಮ ಇರುವ ಹುಡುಗನನ್ನು ‘ಬೇವಾರ್ಸಿ’ ಅನ್ನಬಹುದು. ಅಪ್ಪ ಹೋದ ಮೇಲೆ ಅನ್ನುವ ಹಾಗಿಲ್ಲ. ತರಗತಿಗೆ ಮೊದಲು ಬರುವ ಹುಡುಗಿಯನ್ನು ‘ದಡ್ಡ ಶಿಖಾಮಣಿ’ ಅಂದರೆ ಅವಳು ನಗುತ್ತಾಳೆ. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಹುಡುಗನಿಗೆ ಅದೇ ಮಾತು ಬಾರುಕೋಲಿನ ಏಟು. ಇದನ್ನು ಅಜ್ಜಿಗೆ ಯಾರೂ ಕಲಿಸಿರಲಿಲ್ಲ. ಹಳ್ಳಿಯ ಹೆಂಗಸರಿಗೆಲ್ಲ ಗೊತ್ತಿತ್ತು.

ಈಗ ‘ಬೇವಾರ್ಸಿ’ ಪದವನ್ನೇ ತಗೊಳ್ಳಿ. ಅದರ ಹುಟ್ಟೂರು ಅಡುಗೆಮನೆಯಲ್ಲ, ಕಚೇರಿ. ‘ಬೇ’ ಅಂದರೆ ಪಾರ್ಸಿಯಲ್ಲಿ ‘ಇಲ್ಲದ’. ‘ವಾರಿಸ್’ ಅಂದರೆ ಅರಬ್ಬಿಯಲ್ಲಿ ವಾರಸುದಾರ. ವಾರಸುದಾರರಿಲ್ಲದ ಆಸ್ತಿ ಬೇವಾರಸು ಆಸ್ತಿ. ಕಂದಾಯದ ಕಾಗದಗಳಲ್ಲಿದ್ದ ಈ ಮಾತು ಹಳ್ಳಿಗೆ ಬಂದು ಜಮೀನು ಬಿಟ್ಟು ಮನುಷ್ಯನನ್ನು ಹಿಡಿದುಕೊಂಡಿತು. ಕೇಳುವವರಿಲ್ಲದವನು ಬೇವಾರ್ಸಿ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಪದದ ಬೇರು ಅವರ ನಾಲಿಗೆಗೆ ಗೊತ್ತಿತ್ತು ಅನಿಸುತ್ತದೆ. ಇಲ್ಲದಿದ್ದರೆ ಆ ದಿನವೇ ಯಾಕೆ ನಿಲ್ಲಿಸುತ್ತಿದ್ದರು?

ಕಚೇರಿ ಕೋರ್ಟುಗಳಿಂದ ಹೀಗೆ ಇಳಿದು ಬಂದ ಮಾತುಗಳು ನಮ್ಮಲ್ಲಿ ಜಾಸ್ತಿ. ನಿಮ್ಮ ತಾತನ ‘ಖದೀಮ’ ನೋಡಿ. ಅರಬ್ಬಿಯ ‘ಕದೀಮ್’ ಅಂದರೆ ಹಳೆಯದು, ಅಷ್ಟೇ. ‘ಖದೀಮ ಕಳ್ಳ’ ಅಂದರೆ ಹಳೇ ಕಳ್ಳ, ಪಳಗಿದ ಕಳ್ಳ. ಕಾಲ ಕಳೆದ ಹಾಗೆ ಕಳ್ಳ ಅನ್ನುವ ಮಾತು ಉದುರಿಹೋಗಿ ‘ಖದೀಮ’ ಒಂದೇ ಉಳಿಯಿತು. ಈಗ ಪತ್ರಿಕೆಯಲ್ಲಿ ನಿನ್ನೆ ಮೊನ್ನೆ ಕಳ್ಳತನ ಶುರು ಮಾಡಿದ ಹುಡುಗರನ್ನೂ ‘ಖದೀಮರು’ ಅಂತಲೇ ಬರೆಯುತ್ತಾರೆ. ತಾತ ಹೇಳುವಾಗ ಗಮನಿಸಿ. ಅವರ ಖದೀಮನಲ್ಲಿ ‘ಇವನು ಹೊಸಬನಲ್ಲಪ್ಪ’ ಅನ್ನುವ ಒಂದು ಎಳೆ ಇನ್ನೂ ಉಳಿದಿರಬಹುದು.

ಸಾಲದಲ್ಲಿ ಮುಳುಗಿದವನನ್ನು ‘ಪಾಪರ್ ಆದ’ ಅನ್ನುತ್ತಾರೆ. ಇದು ಇಂಗ್ಲಿಷ್ ಕಾನೂನಿನಿಂದ ಬಂದದ್ದು. ಕೋರ್ಟ್ ಶುಲ್ಕ ಕಟ್ಟಲು ಗತಿಯಿಲ್ಲದವನಿಗೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಇಟ್ಟ ಹೆಸರು ಪಾಪರ್. 1976ರ ತಿದ್ದುಪಡಿಯಲ್ಲಿ ಆ ಪದವನ್ನು ಕಾನೂನಿನಿಂದ ತೆಗೆದುಹಾಕಿದರು. ಕಾನೂನು ಬಿಟ್ಟರೂ ಹಳ್ಳಿ ಬಿಡಲಿಲ್ಲ. ‘ಫೋರ್‌ಟ್ವೆಂಟಿ’ಯ ಕಥೆಯೂ ಅದೇ. 1860ರ ದಂಡ ಸಂಹಿತೆಯ 420ನೇ ಕಲಂ ಮೋಸಕ್ಕೆ ಸಂಬಂಧಿಸಿದ್ದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರಲ್ಲಿ ಮೋಸದ ಕಲಂ 318. ಹಾಗಂತ ಯಾರಾದರೂ ‘ಅವನೊಬ್ಬ ತ್ರೀ ಎಯ್ಟೀನ್’ ಅಂತಾರಾ? ಇನ್ನು 30 ವರ್ಷ ಆದ ಮೇಲೆ ಆ ಸಂಖ್ಯೆ ಯಾಕೆ ಬಂತು ಅಂತಲೇ ಮಕ್ಕಳಿಗೆ ಗೊತ್ತಿರುವುದಿಲ್ಲ. ಮಾತು ಮಾತ್ರ ಇರುತ್ತದೆ. ನಮ್ಮ ಕಣ್ಣೆದುರಿಗೇ ಒಂದು ಪದ ಹಳೆಯದಾಗುತ್ತಿದೆ, ನೋಡಿಕೊಳ್ಳಿ.

ಇದು ಕಥೆಗಾರನಿಗೆ ಕೆಲಸಕ್ಕೆ ಬರುವ ವಿಷಯ. ಇಂಥ ಮಾತುಗಳಿಗೆ ಒಂದು ವಯಸ್ಸು ಇರುತ್ತದೆ. ‘ಸುಮ್ನೆ ರೈಲು ಬಿಡಬೇಡ’ ಅನ್ನಬೇಕಾದರೆ ಮೊದಲು ಊರಿಗೆ ರೈಲು ಬಂದಿರಬೇಕು. ಮೈಸೂರು ಸೀಮೆಯಲ್ಲಿ ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಅರಸೀಕೆರೆ ಜಂಕ್ಷನ್ ಆದದ್ದು ಅದಕ್ಕೂ ಎಷ್ಟೋ ಆಮೇಲೆ. ಪಾಳೇಗಾರರ ಕಾಲದ ಕಥೆ ಬರೆಯುತ್ತಾ ಒಬ್ಬ ಪಾತ್ರದ ಕೈಲಿ ರೈಲು ಬಿಡಿಸಿದರೆ ಓದುಗ ಅಲ್ಲೇ ಇಳಿದುಬಿಡುತ್ತಾನೆ.

ಈಗ ಚಳ್ಳೆಹಣ್ಣಿಗೆ ಬರೋಣ. ಈ ಮಾತನ್ನು ದಿನಾ ಓದುವವರಲ್ಲಿ ಎಷ್ಟೋ ಜನ ಆ ಹಣ್ಣನ್ನು ನೋಡಿಲ್ಲ. ನೀವು ನೋಡಿಲ್ಲದಿದ್ದರೆ ತಾತನನ್ನು ಕರೆದುಕೊಂಡು ಹೋಗಿ ಮರ ತೋರಿಸಿಕೊಳ್ಳಿ. ಹೊಲದ ಬದುವಿನಲ್ಲಿ, ಕೆರೆಯ ಅಂಚಿನಲ್ಲಿ ಸಿಗುತ್ತದೆ. ಗೋಲಿಯಷ್ಟು ದಪ್ಪದ ಹಣ್ಣು, ಗೊಂಚಲು ಗೊಂಚಲು. ಹಳದಿಗೆ ಒಂದಿಷ್ಟು ಕೆಂಪು ಬೆರೆತ ಬಣ್ಣ, ಬೆಳಕಿಗೆ ಹಿಡಿದರೆ ಒಳಗಿನ ಬೀಜ ಮಸುಕಾಗಿ ಕಾಣುತ್ತದೆ. ಹಿಸುಕಿದರೆ ಸಿಂಬಳದಂಥ ಲೋಳೆ ಬರುತ್ತದೆ. ಬೆರಳಿಗೆ ಹತ್ತಿದರೆ ಎರಡು ಬೆರಳು ಅಂಟಿಕೊಳ್ಳುತ್ತವೆ. ಪಂಚೆಗೆ ಒರೆಸಿದರೆ ಪಂಚೆ ಅಂಟುತ್ತದೆ. ಬಾಯಿಗೆ ಹಾಕಿಕೊಂಡರೆ ಸಿಹಿ, ಆದರೆ ತುಟಿ, ನಾಲಿಗೆ ಎಲ್ಲ ಅಂಟಂಟು. ನಾವು ಚಿಕ್ಕವರಿದ್ದಾಗ ಗಾಳಿಪಟಕ್ಕೆ ಕಾಗದ ಅಂಟಿಸುತ್ತಿದ್ದದ್ದು ಇದರಿಂದಲೇ. ಅಂಗಡಿಯ ಗೋಂದಿಗೆ ಕಾಸು ಎಲ್ಲಿತ್ತು?

ಈಗ ಆ ಮಾತನ್ನು ಇನ್ನೊಂದು ಸಲ ಅಂದುಕೊಳ್ಳಿ. ಕಾವಲುಗಾರನ ಬಾಯಿಗೆ ಒಂದು ಹಣ್ಣು ಕೊಟ್ಟ. ಅವನು ಬಾಯಿ, ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಇವನು ಬೇಲಿ ಹಾರಿದ್ದ. ಕೂಗೋಣ ಅಂದರೆ ತುಟಿ ಬಿಚ್ಚುತ್ತಿಲ್ಲ. ಆ ಅಂಟು ಗೊತ್ತಿದ್ದವರಿಗೆ ‘ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಪರಾರಿ’ ಅನ್ನುವ ತಲೆಬರಹ ಬರೀ ತಲೆಬರಹವಲ್ಲ, ಒಂದು ಚಿತ್ರ. ನಿಮ್ಮ ತಾತ ಆ ಚಿತ್ರ ಕಂಡು ಹೇಳುತ್ತಾರೆ. ನೀವು ಪದ ಕೇಳಿ ಬರೆಯುತ್ತಿದ್ದೀರಿ. ಗೆಳತಿಗೆ ಸಿನಿಮಾ ಕಾಮಿಡಿ ಅನಿಸಿದ್ದಕ್ಕೆ ಒಂದು ಕಾರಣ ಇದು.

ಗಾಳಿಪಟ ಅಂದಾಗ ನೆನಪಾಯಿತು. ಫೇಲಾದವನು ‘ಗೋತಾ ಹೊಡೆದ’, ‘ಡುಮ್ಕಿ ಹೊಡೆದ’ ಅನ್ನುತ್ತೇವಲ್ಲ, ಎರಡಕ್ಕೂ ಮೂಲದಲ್ಲಿ ಮುಳುಗು ಅಂತಲೇ ಅರ್ಥ. ಮೇಲೆ ಹಾರುತ್ತಿದ್ದ ಪಟ ತಲೆಕೆಳಗಾಗಿ ನೆಲಕ್ಕೆ ಬರುವುದೂ ಗೋತಾನೇ. ಮಾರ್ಕ್ಸ್‌ಕಾರ್ಡಿನ ದುಃಖವನ್ನು ಆಕಾಶಕ್ಕೆ ಏರಿಸಿ ಅಲ್ಲಿಂದ ಇಳಿಸಿದ ಹುಡುಗರು ಯಾರೋ, ಅವರ ಮೇಲೆ ನನಗೆ ಪ್ರೀತಿ ಇದೆ.

‘ಉಂಡಾಡಿ ಗುಂಡ’ ಸುಲಭ. ಉಂಡು ಆಡಿಕೊಂಡಿರುವವನು ಉಂಡಾಡಿ. ಗುಂಡ ಬಂದದ್ದು ಕಿವಿಗೋಸ್ಕರ. ಆ ‘ಂಡ’ ಎರಡು ಸಲ ಉರುಳಿದಾಗ ತಿಂದು ತಿರುಗುವವನ ಹೊಟ್ಟೆಯೇ ಕಾಣುತ್ತದೆ, ಅಲ್ವಾ? ‘ನರಪೇತಲ ನಾರಾಯಣ’ನೂ ಹೀಗೇ ಹುಟ್ಟಿದವನು. ‘ಅಬ್ಬೇಪಾರಿ’ ಅಂದರೆ ಮನೆಮಠದ ಚಿಂತೆ ಇಲ್ಲದೆ ಅಲೆಯುವವನು. ‘ಬೆಪ್ಪುತಕ್ಕಡಿ’ಯಲ್ಲಿ ನನಗೆ ಕಾಣುವುದು ಸಂತೆಯ ಒಂದು ಹಳೇ ತಕ್ಕಡಿ. ಅದಕ್ಕೆ ಸ್ವಂತ ಅಭಿಪ್ರಾಯ ಇಲ್ಲ. ಯಾರು ಏನು ಹಾಕಿದರೂ ಆ ಕಡೆ ವಾಲುತ್ತದೆ. ಬೆಪ್ಪನೂ ಹಾಗೇ, ಯಾರು ಏನು ಹೇಳಿದರೂ ಹೌದು ಅನ್ನುತ್ತಾನೆ.

ಸಾಹಿತ್ಯಕ್ಕೆ ಬರುತ್ತೇನೆ. ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳ ಪುಣ್ಯ ದೊಡ್ಡದು. ಇಂಥ ಮಾತಿನ ಜೀವ ಹಿಡಿದ ಬರಹಗಾರರು ಇಲ್ಲೇ ಸುತ್ತಮುತ್ತ ಬೆಳೆದವರು, ಬಾಳಿದವರು.

ತೇಜಸ್ವಿಯವರು ಮೂಡಿಗೆರೆಯಲ್ಲಿ ನೆಲೆಸಿ ಬರೆದರು. ‘ಕಿರಗೂರಿನ ಗಯ್ಯಾಳಿಗಳು’ ಅನ್ನುವ ಹೆಸರನ್ನೇ ನೋಡಿ. ಗಯ್ಯಾಳಿ ಅಂದರೆ ಜಗಳಗಂಟಿ, ಬಾಯಿಬಡುಕಿ. ಊರ ಗಂಡಸರು ಗಟ್ಟಿದನಿಯ ಹೆಂಗಸರಿಗೆ ಹಚ್ಚುವ ಹೆಸರು. ಅದನ್ನೇ ತೇಜಸ್ವಿ ಕಥೆಯ ನೆತ್ತಿಯ ಮೇಲೆ ಇಟ್ಟರು. ಓದುತ್ತಾ ಹೋದ ಹಾಗೆ ಊರಿನಲ್ಲಿ ನೆಟ್ಟಗೆ ಯೋಚಿಸುವವರು ಈ ಹೆಂಗಸರೇ ಅಂತ ಗೊತ್ತಾಗುತ್ತದೆ. ಕಥೆ ಮುಗಿಯುವ ಹೊತ್ತಿಗೆ ಗಯ್ಯಾಳಿ ಅನ್ನುವುದು ಬಿರುದಾಗಿರುತ್ತದೆ. ನಮ್ಮ ಅಜ್ಜಿಯ ಕಟ್ಟಳೆಯೇ ಇದು. ಪದ ಸುಳ್ಳು ಅಂತ ತೋರಿಸಿಕೊಟ್ಟರೆ ಅದು ಮುದ್ದಾಗುತ್ತದೆ.

1980ರಲ್ಲಿ ಬಂದ ‘ಕರ್ವಾಲೊ’ದ ಮಂದಣ್ಣನೂ ಅಂಥವನೇ. ಊರಿನ ಕಣ್ಣಿಗೆ ಅವನು ಕೆಲಸಕ್ಕೆ ಬಾರದ ಉಂಡಾಡಿ. ಒಂದು ಜವಾನನ ಕೆಲಸ ಸಿಕ್ಕರೆ ಸಾಕು ಅನ್ನುವುದು ಅವನ ಆಸೆ. ವಿಜ್ಞಾನಿ ಕರ್ವಾಲೊ ಕಣ್ಣಿಗೆ ಮಾತ್ರ ಅವನು ಹುಟ್ಟಾ ಪ್ರಕೃತಿ ಶೋಧಕ. ಉಂಡಾಡಿ ಅನ್ನುವ ಪದ ಇಲ್ಲಿ ನನ್ನದು. ಅದರ ಹಿಂದಿರುವ ತಪ್ಪು ಲೆಕ್ಕ ಊರಿನದು. ಆ ಲೆಕ್ಕ ತಲೆಕೆಳಗಾಗುವುದೇ ಕಾದಂಬರಿ.

ಬೆಂಗಳೂರಿನ ಕೈಲಾಸಂ ಇದನ್ನು ಮೊದಲೇ ಹಿಡಿದಿದ್ದರು. ‘ಪೋಲಿ ಕಿಟ್ಟಿ’ ಅಂತ ನಾಟಕಕ್ಕೆ ಹೆಸರಿಟ್ಟರು. ಹಿರಿಯರು ಬೈಯುವ ಮಾತನ್ನು ಹುಡುಗನ ಹೆಸರಿಗೇ ಅಂಟಿಸಿದರು. ಕೂತು ನೋಡಿದವರಿಗೆ ಪೋಲಿ ಮೇಲೇ ಪ್ರೀತಿ ಹುಟ್ಟುವ ಹಾಗೆ ಮಾಡಿದರು. ರಾಜರತ್ನಂ ಅವರದು ಇನ್ನೊಂದು ದಾರಿ. ಅವರು ಪಾಳಿ, ಬೌದ್ಧ ಸಾಹಿತ್ಯ ಓದಿಕೊಂಡ ಪಂಡಿತರು. ‘ರತ್ನನ ಪದಗಳು’ ಬರೆಯುವಾಗ ಮಾತನ್ನೆಲ್ಲ ಹೆಂಡಗುಡುಕ ರತ್ನನ ಬಾಯಿಗೆ ಕೊಟ್ಟರು. ತಾವು ಪಕ್ಕಕ್ಕೆ ಸರಿದು ನಿಂತರು. ಅದಕ್ಕೇ ಅಲ್ಲಿ ಒಂದು ಪದವೂ ಹಾಕಿಸಿಕೊಂಡ ಹಾಗೆ ಕಾಣುವುದಿಲ್ಲ.

1942ರಲ್ಲಿ ರಾಶಿ (ಡಾ. ಎಂ. ಶಿವರಾಂ) ಶುರು ಮಾಡಿದ ‘ಕೊರವಂಜಿ’ ಹಾಸ್ಯಪತ್ರಿಕೆ, ನಾ. ಕಸ್ತೂರಿಯವರ ‘ಅನರ್ಥಕೋಶ’ ಇವನ್ನೂ ಸಿಕ್ಕರೆ ಓದಿ. ಕಸ್ತೂರಿ ಹುಟ್ಟಿದ್ದು ಕೇರಳದಲ್ಲಿ, ಕನ್ನಡ ಆಮೇಲೆ ಕಲಿತದ್ದು. ಹೊರಗಿನಿಂದ ಬಂದ ಕಿವಿಗೆ ನಮ್ಮ ಮಾತಿನ ತಮಾಷೆ ಇನ್ನೂ ಚೆನ್ನಾಗಿ ಕೇಳಿಸಿತು ಅಂತ ನನ್ನ ನಂಬಿಕೆ.

ಇನ್ನು ಕುವೆಂಪು. ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಗೆ ‘ನಾಯಿಗುತ್ತಿ’ ಅಂತ ಅಡ್ಡಹೆಸರು. ಹುಲಿಯ ಅನ್ನುವ ನಾಯಿ ಸದಾ ಅವನ ಹಿಂದೆಯೇ ಇರುತ್ತದಲ್ಲ, ಅದಕ್ಕೆ. ಮೊದಲು ಕೇಳಿದಾಗ ನಗು ಬರುತ್ತದೆ. ಆದರೆ ಪುಟ ಸರಿದ ಹಾಗೆ ಅಡ್ಡಹೆಸರು ಎರಡು ಜೀವಗಳ ನಂಟಿನ ಹೆಸರಾಗುತ್ತದೆ. ಕೊನೆಗೆ ಹುಲಿಯ ತುಂಗೆಯ ಪ್ರವಾಹದ ಪಾಲಾದಾಗ ಆ ಹೆಸರನ್ನು ಮೊದಲಿನ ಹಾಗೆ ಓದಲು ನನ್ನ ಕೈಲಿ ಆಗುವುದಿಲ್ಲ. ನಾಯಿ ಇಲ್ಲ, ಹೆಸರಲ್ಲಿ ಮಾತ್ರ ಇದೆ.

ಹಾಸನದ ಕಡೆ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಇದ್ದಾರೆ. ಹೇಮಾವತಿ ದಡದ ತಮ್ಮ ಊರಿನ ವಿಚಿತ್ರ ಜನರನ್ನೆಲ್ಲ ‘ನಮ್ಮ ಊರಿನ ರಸಿಕರು’ ಅಂತ ಕರೆದರು. ತಿಕ್ಕಲು, ಪೆಕರ ಅಂತ ಊರು ಕರೆಯಬಹುದಾದವರಿಗೆ ಅವರು ಕೊಟ್ಟ ಹೆಸರು ರಸಿಕ. ಹಾಸ್ಯ ಬರೆಯುವವರು ಅದೊಂದು ಹೆಸರನ್ನು ಎದುರಿಗಿಟ್ಟುಕೊಂಡರೂ ಸಾಕು.

ಎಲ್ಲ ಹಳೇ ಮಾತೂ ಆಟವಲ್ಲ. ಇದನ್ನು ಕಲಿಯಬೇಕಾದರೆ ನಿಮ್ಮದೇ ತಾಲ್ಲೂಕಿನ, ಸಂತೇಶಿವರದಲ್ಲಿ ಹುಟ್ಟಿದ ಭೈರಪ್ಪನವರ ‘ಗೃಹಭಂಗ’ ಓದಬೇಕು. 1970ರ ಕಾದಂ‌ಬರಿ. ಅದರ ಗಂಗಮ್ಮನ ಬಾಯಿ ಯಾರಿಗೆ ಗೊತ್ತಿಲ್ಲ? ಮಕ್ಕಳಿಗೆ, ಸೊಸೆಗೆ, ಊರಿಗೆ, ಯಾರಿಗೂ ಬಿಡುವಿಲ್ಲ. ಮಕ್ಕಳೂ ತಾಯಿಗೆ ತಿರುಗಿ ಹಾಗೇ ಬೈಯುತ್ತಾರೆ. ನಿಮ್ಮ ತಾತನ ಬಾಯಲ್ಲಿ ಬರುವಂಥ ಪದಗಳೇ ಅಲ್ಲೂ ಬರಬಹುದು. ಆದರೆ ಅಲ್ಲಿ ಮಾತಾದ ಮೇಲೆ ‘ಉಂಡ್ಕಂಡ್ ಹೋಗು’ ಬರುವುದಿಲ್ಲ. ಗಂಗಮ್ಮ ವಿಧವೆ. ವಿಧವೆಯನ್ನು ವಿಧವೆ ಅಂತಲೇ ಹೀಯಾಳಿಸುವ ಬೈಗುಳ ನಿಜಕ್ಕೇ ತಾಗುತ್ತದೆ, ಅದಕ್ಕೇ ಗಾಯವಾಗುತ್ತದೆ. ಭೈರಪ್ಪನವರು ಅದನ್ನು ಸಿಹಿ ಮಾಡಲು ಹೋಗಲಿಲ್ಲ. ನೀವೂ ಹೋಗಬೇಡಿ.

ಈ ಮಾತು ಬಂದದ್ದಕ್ಕೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ನಾನು ಮೇಷ್ಟ್ರಾಗಿ ಸೇರಿದ ಹೊಸತರಲ್ಲಿ ಏಳನೇ ತರಗತಿಗೆ ‘ನಮ್ಮ ಅಜ್ಜಿ’ ಅಂತ ಪ್ರಬಂಧ ಕೊಟ್ಟಿದ್ದೆ. ಒಬ್ಬ ಹುಡುಗ ‘ನಮ್ಮಜ್ಜಿ ನನ್ನನ್ನು ಕೋತಿಮುಂಡೇದು ಎಂದು ಕರೆಯುತ್ತಾರೆ’ ಅಂತ ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ ಮೇಲೆ ‘ತುಂಟ’ ಅಂತ ಬರೆದೆ. ಹುಡುಗ ಪುಸ್ತಕ ಹಿಡಿದುಕೊಂಡು ಬಂದ. ‘ಸಾರ್, ನಮ್ಮಜ್ಜಿ ಹಂಗ್ ಕರೆಯಲ್ಲ’ ಅಂದ. ಕಣ್ಣಲ್ಲಿ ನೀರಿತ್ತು. ನನಗೆ ಅರ್ಥವಾಗಲಿಲ್ಲ. ‘ಇದೇ ಸರಿ’ ಅಂತ ಕಳಿಸಿದೆ. ವರ್ಷದ ಕೊನೆಗೆ ಅವನ ಅಜ್ಜಿ ಶಾಲೆಗೆ ಬಂದರು. ಕೆಂಪು ಸೀರೆ, ತಲೆ ಮೇಲೆ ಸೆರಗು. ವಿಧವೆ.

‘ಮುಂಡೆ’ ಅಂದರೆ ತಲೆ ಬೋಳಿಸಿದವಳು. ಸಂಸ್ಕೃತದ ಮುಂಡ, ಬೋಳು ತಲೆ, ಅದರಿಂದ ಬಂದದ್ದು. ‘ಬೋಳಿ’ಯೂ ಅದೇ. ಗಂಡ ಸತ್ತ ಹೆಂಗಸಿನ ತಲೆ ಬೋಳಿಸಿ, ಆ ಬೋಳು ತಲೆಯನ್ನೇ ಬೈಗುಳ ಮಾಡಿಕೊಂಡ ಸಮಾಜ ನಮ್ಮದು. ಊರು ತನ್ನನ್ನು ಚುಚ್ಚಿದ ಮಾತನ್ನು ಆ ಅಜ್ಜಿ ತಗೊಂಡು, ಮೊನೆ ಮುರಿದು, ಮೊಮ್ಮಗನಿಗೆ ಆಟಿಕೆ ಮಾಡಿ ಕೊಟ್ಟಿದ್ದರು. ನಾನು ಅದನ್ನು ಕಿತ್ತುಕೊಂಡಿದ್ದೆ. ಈಗಲೂ ನೆನೆಸಿಕೊಂಡರೆ ನೋಯುತ್ತದೆ.

ಹಾಗಾದರೆ ಕಥೆಯಲ್ಲಿ ಇಂಥ ಪದ ಇರಬಹುದಾ? ಆ ಅಜ್ಜಿಯ ಬಾಯಲ್ಲಿ ಇರಬೇಕು. ಹುಡುಗನ ಪ್ರಬಂಧದಲ್ಲಿ ಇರಬೇಕು. ಕಥೆ ಹೇಳುವ ನೀವು ಸ್ವಂತ ದನಿಯಲ್ಲಿ ಯಾವ ಹೆಂಗಸಿಗೂ ಅದನ್ನು ಅಂಟಿಸಬಾರದು. ಜಾತಿಯ ಹೆಸರು, ಅಂಗವೈಕಲ್ಯ ಹಿಡಿದು ಆಡಿಕೊಳ್ಳುವ ಹಳೇ ಮಾತುಗಳೂ ಬೇಕಾದಷ್ಟಿವೆ. ಅವು ಯಾವತ್ತೂ ಸುಳ್ಳಾಗುವುದಿಲ್ಲ. ಹಾಗಾಗಿ ಆಟವೂ ಆಗುವುದಿಲ್ಲ. ಕ್ರೌರ್ಯ ತೋರಿಸಬೇಕಾದಾಗ ಬಳಸಿ, ತಮಾಷೆಗೆ ಬೇಡ.

ಈಗ ನೀವು ಕಳಿಸಿದ ಸಾಲುಗಳು. ‘ತಾತ ಬೆಪ್ಪುತಕ್ಕಡಿಯಂಥ ಮೊಮ್ಮಗನನ್ನು ನೋಡಿ ನಕ್ಕರು. ಆ ಉಂಡಾಡಿ ಗುಂಡ ಸಂತೆಯಲ್ಲಿ ಖದೀಮನೊಬ್ಬನಿಂದ ಚಳ್ಳೆಹಣ್ಣು ತಿಂದು, ಖೋಟಾ ನೋಟು ಹಿಡಿದು ಅಬ್ಬೇಪಾರಿಯಂತೆ ಬಂದಿದ್ದ.’

ಎರಡು ಸಾಲಿಗೆ ಐದು ಮಾತು. ತಾತನ ಮಾತುಗಳೆಲ್ಲ ಇವೆ, ತಾತ ಮಾತ್ರ ಇಲ್ಲ. ಎಲ್ಲವನ್ನೂ ನೀವೇ ಆಡಿದ್ದೀರಿ. ಹೀಗೆ ಮಾಡಿ ನೋಡಿ:

ಮೊಮ್ಮಗ ಕುರಿ ಮಾರಿ ಬಂದ. ತಂದ ನೋಟುಗಳಲ್ಲಿ ಒಂದು ಖೋಟಾ. ತಾತ ಅದನ್ನು ಬಿಸಿಲಿಗೆ ಹಿಡಿದು ನೋಡಿದರು. ಮಡಿಸಿ ಜೇಬಿಗೆ ಇಟ್ಟುಕೊಂಡರು. ‘ಕೈಕಾಲ್ ತೊಳ್ಕಂಡ್ ಬಾರ್ಲಾ ಬೆಪ್ಪುತಕ್ಕಡಿ’ ಅಂದರು. ‘ಮುದ್ದೆ ಆರೋಯ್ತದೆ.’

ಒಂದೇ ಮಾತು, ಅದೂ ತಾತನ ಬಾಯಲ್ಲಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಹುಡುಗ ನಿಜವಾಗಿಯೂ ಮೋಸ ಹೋಗಿದ್ದಾನೆ. ಬೆಪ್ಪು ಅನ್ನುವುದು ಈ ಹೊತ್ತಿಗೆ ಅರ್ಧ ನಿಜ. ಅದಕ್ಕೇ ಪಕ್ಕದಲ್ಲಿ ಮುದ್ದೆ ಬೇಕು. ಕೊನೆಯ ಸಾಲು ತೆಗೆದು ಓದಿ, ಹುಡುಗನಿಗೆ ನೋವಾಗುತ್ತದೆ.

ಮಾತಿಗೆ ಊರೂ ಇದೆ. ನಿಮ್ಮ ತಾತ ‘ಬಾರ್ಲಾ’, ‘ಕಣ್ಲಾ’ ಅನ್ನುತ್ತಾರೆ. ‘ಎಂತ ಮಾರಾಯ, ಮಂಡೆ ಸಮ ಇಲ್ವಾ’ ಅನ್ನಬೇಕಾದರೆ ಅವರು ಕೊಪ್ಪ, ಶೃಂಗೇರಿಯ ಕಡೆ ಹುಟ್ಟಿರಬೇಕಿತ್ತು. ಸಕಲೇಶಪುರ, ಮೂಡಿಗೆರೆಗಳಲ್ಲಿ ಎರಡೂ ಕಿವಿಗೆ ಬೀಳುತ್ತವೆ. ಅಲ್ಲಿಯವರನ್ನು ಬರೆಯುವುದಾದರೆ ಮೊದಲು ಒಂದು ವಾರ ಬಸ್‌ಸ್ಟ್ಯಾಂಡಿನಲ್ಲಿ ಕೂತು ಕೇಳಿ. ಇನ್ನೊಂದು, ಪದದ ಅರ್ಥವನ್ನು ಕಥೆಯಲ್ಲಿ ವಿವರಿಸಲು ಹೋಗಬೇಡಿ. ‘ಅಬ್ಬೇಪಾರಿ, ಅಂದರೆ ಅಲೆಮಾರಿ’ ಅಂತ ಬರೆದ ಕೂಡಲೇ ತಾತ ಎದ್ದುಹೋಗಿ ನಿಘಂಟು ಬಂದು ಕೂರುತ್ತದೆ. 1894ರಲ್ಲಿ ಕಿಟ್ಟೆಲ್ ಆ ಕೆಲಸ ದೊಡ್ಡದಾಗಿ ಮಾಡಿಟ್ಟಿದ್ದಾರೆ. ಪದ ಬೇಕಾದವರು ಅಲ್ಲಿ ಹುಡುಕುತ್ತಾರೆ. ದನಿ ಬೇಕಾದವರು ನಿಮ್ಮ ಹತ್ತಿರ ಬರುತ್ತಾರೆ.

ತಾತನ ಜೊತೆ ಕೂತಾಗ ‘ಹಳೇ ಬೈಗುಳ ಹೇಳಿ, ಬರ್ಕೋತೀನಿ’ ಅನ್ನಬೇಡಿ. ಹಾಗೆ ಕೇಳಿದರೆ ಯಾರಿಗೂ ನೆನಪಾಗುವುದಿಲ್ಲ. ಯಾರನ್ನು ಅಬ್ಬೇಪಾರಿ ಅಂತ ಕರೀತಿದ್ರಿ, ಅವನು ಈಗ ಎಲ್ಲಿದ್ದಾನೆ ಅಂತ ಕೇಳಿ. ಕರೆಯುವುದನ್ನು ಯಾವತ್ತಾದರೂ ನಿಲ್ಲಿಸಿದರಾ, ಕೇಳಿ. ನಿಲ್ಲಿಸಿದ್ದರೆ ಅಲ್ಲೊಂದು ಕಥೆ ಇರುತ್ತದೆ.

ನಮ್ಮ ಪಕ್ಕದ ಮನೆಯ ಹುಡುಗನಿಗೆ ಅಜ್ಜಿ ಹದಿನಾಲ್ಕು ವರ್ಷ ‘ಬಾ ಮಗ’ ಅಂದರು. ಅವನಿಗೆ ಮದುವೆಯಾಯಿತು. ಗಂಡು ಮಗು ಹುಟ್ಟಿತು. ಮೂರು ತಿಂಗಳ ಕೂಸನ್ನು ಟವಲಿನಲ್ಲಿ ಸುತ್ತಿಕೊಂಡು ಮಧ್ಯಾಹ್ನದ ಹೊತ್ತಿಗೆ ಅದೇ ಹಿತ್ತಲ ಬಾಗಿಲಿಗೆ ಬಂದ. ಅಜ್ಜಿಗೆ ಆಗ ಕಣ್ಣು ಮಂಜಾಗಿತ್ತು. ಕೂಸನ್ನು ಮಡಿಲಿಗೆ ಹಾಕಿಸಿಕೊಂಡು ಮುಖ ಸವರಿ ನೋಡಿದರು. ಆಮೇಲೆ ತಲೆ ಎತ್ತಿ ಅವನಿಗೆ ಅಂದರು: ‘ಬಂದ್ಯೇನೋ ಬೇವಾರ್ಸಿ. ಕೂತ್ಕ, ಉಂಡ್ಕಂಡ್ ಹೋಗು.’